ಚೋರನೂರಿನ ಕಾಲು, ಮೆಟ್ರಿಯ ತೊಡೆ

ಹೊನ್ನೂರಪ್ಪನ ಸಂಕಟಕ್ಕೆಲ್ಲ ಅವನ ಕಾಲುಗಳೇ ಕಾರಣ. ಜೋಳದ ದಂಟಿನ ಹಾಗೆ ಉದ್ದ, ತೆಳ್ಳಗೆ. ಮೇಲಾಗಿ ಊರು ಸಂಡೂರು ತಾಲೂಕಿನ ಚೋರನೂರು. ಹೊಸಪೇಟೆಯ ಕಚೇರಿಗೆ ಗುಮಾಸ್ತನಾಗಿ ಬಂದ ವರ್ಷವೇ ಮ್ಯಾನೇಜರ್ ವಿಜಯಕುಮಾರ್ ಅವನ ಕಾಲು ನೋಡಿ, ಊರು ಕೇಳಿ, ನೌಕರರ ಕ್ರೀಡಾಕೂಟದ ಐದು ಸಾವಿರ ಮೀಟರ್ ಓಟಕ್ಕೆ ಹೆಸರು ಬರೆದುಬಿಟ್ಟಿದ್ದರು.

ವಿಜಯಕುಮಾರ್ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದರು. ಅಂದಿನಿಂದ ಅವರಿಗೆ ಓಟದ ವಿಚಾರದಲ್ಲಿ ಸಂಶಯವೇ ಉಳಿದಿರಲಿಲ್ಲ.

"ಎಲ್ಲಾ ಜೀನ್‌ನಾಗ ಐತ್ರಿ," ಎಂದು ಈ ವರ್ಷದ ಕೂಟದ ಬೆಳಿಗ್ಗೆಯೂ ಮೈದಾನದಲ್ಲಿ ಶುರುಮಾಡಿದರು. "ಕೀನ್ಯಾದವರು ದೂರ ಓಡ್ತಾರ, ಜಮೈಕಾದವರು ಜೋರು ಓಡ್ತಾರ. ಚೋರನೂರು ನಮ್ಮ ಕೀನ್ಯಾ. ಒಣಭೂಮಿ, ನೀರಿಗಂತ ಮುತ್ತಜ್ಜನ ಕಾಲದಿಂದ ನಡದ ಮಂದಿ. ಕಂಪ್ಲಿ ಕಡೆ ಮೆಟ್ರಿ ಐತಲ್ಲ, ಅದು ನಮ್ಮ ಜಮೈಕಾ. ಕಾಲುವಿ ನೀರು, ಅನ್ನದ ಊಟ. ಬಸವಕುಮಾರನ ತೊಡಿ ನೋಡ್ರಿ."

"ನಮ್ಮ ಬುಕ್ಕಸಾಗರದವರು ಸರ್?" ಎಂದಳು ಕಂಪ್ಯೂಟರ್ ಮುಂದೆ ಕೂರುವ ಶೈಲಶ್ರೀ.

"ನೀವು ಗದ್ದ್ಯಾಗ ನಿಂತಲ್ಲೇ ನಿಂತ ಮಂದಿ. ನಿಮ್ಮನ್ನ ಕೇರಂಗೆ ಹಾಕೀನಿ."

ಮೆಟ್ರಿಯ ಬಸವಕುಮಾರ್ ಪಕ್ಕದ ಮೇಜಿನ ಗುಮಾಸ್ತ. ಮೂರು ವರ್ಷ ನೂರು ಮೀಟರ್ ಓಡಿ ಮೂರು ವರ್ಷವೂ ಕೊನೆಯವನಾಗಿದ್ದ. ಮೊದಲ ವರ್ಷ ತಪ್ಪು ಶೂದು, ಎರಡನೇ ವರ್ಷ ಗಾಳಿಯದು, ಮೂರನೇ ವರ್ಷ ಪಿಸ್ತೂಲು ಹಾರಿಸಿದವನದು. ಜೀನ್ ಮೇಲೆ ಮಾತ್ರ ಯಾವ ವರ್ಷವೂ ತಪ್ಪು ಬೀಳಲಿಲ್ಲ.

ಹೊನ್ನೂರಪ್ಪನಿಗೆ ಒಂದೇ ಆಸೆ. ಒಮ್ಮೆಯಾದರೂ ನೂರು ಮೀಟರ್ ಓಡಬೇಕು, ತನ್ನವರು ಅದನ್ನು ನೋಡಬೇಕು. ಐದು ಸಾವಿರ ಮೀಟರ್ ಅಂದರೆ ಹನ್ನೆರಡೂವರೆ ಸುತ್ತು. ಎರಡನೇ ಸುತ್ತಿಗೆ ಜನ ಚಹಾಕ್ಕೆ ಎದ್ದು ಹೋಗುತ್ತಾರೆ, ಏಳನೆಯದಕ್ಕೆ ಶಾಮಿಯಾನದವನು ಕುರ್ಚಿ ಮಡಚುತ್ತಿರುತ್ತಾನೆ. ನೂರು ಮೀಟರಿನಲ್ಲಿ ಹಾಗಲ್ಲ, ಕಣ್ಣು ಹೊರಳಿಸಲೂ ಯಾರಿಗೂ ಪುರಸೊತ್ತಿರುವುದಿಲ್ಲ. ಶಾಲೆಯಲ್ಲಿ ಸುಣ್ಣದ ಗೆರೆ ಎಳೆದ ಮೇಷ್ಟ್ರು ಕೂಡ "ನೀ ದೂರದ ಓಟಕ್ಕ" ಎಂದು ಅವನನ್ನು ಬದಿಗೆ ನಿಲ್ಲಿಸಿದ್ದರು. ಆ ಬಿಳಿ ಗೆರೆ ಈಗಲೂ ಕನಸಿನಲ್ಲಿ ಬರುತ್ತಿತ್ತು. ಮೂವತ್ತಾರರ ಗಂಡಸು ಬಾಯಿಬಿಟ್ಟು ಹೇಳುವಂಥ ಆಸೆಯಲ್ಲ, ಹೆಂಡತಿಗೂ ಹೇಳಿರಲಿಲ್ಲ.

"ಸರ್, ಈ ಸಲ ನಂಗ ನೂರು ಮೀಟರ್ ಕೊಡ್ರಿ," ಎಂದು ಧೈರ್ಯ ಮಾಡಿ ಕೇಳಿಯೇಬಿಟ್ಟ.

"ರಕ್ತಕ್ಕ ಎದುರಾಡಬ್ಯಾಡ ಹೊನ್ನೂರಪ್ಪ. ಹೆಸರು ಕಳಿಸಿ ಆಗೇತಿ."

ಪೆಚ್ಚುಮೋರೆ ಹಾಕಿಕೊಂಡು ನೀರಿನ ಟ್ಯಾಂಕಿನ ಹಿಂದೆ ಹೋದರೆ ಅಲ್ಲಿ ಬಸವಕುಮಾರ್ ಅದಕ್ಕಿಂತ ಪೆಚ್ಚಾಗಿ ಕುಳಿತಿದ್ದ.

"ನಂಗ ಜೋರು ಓಡಾಕ ಬರಂಗಿಲ್ಲಲೇ," ಎಂದ. "ನಿಧಾನಕ ಬಿಟ್ರ ಸಂಜೀತನಕ ಓಡ್ತೀನಿ. ಊರಿಗೆ ಹೋದಾಗೆಲ್ಲ ಕಾಲುವಿ ದಂಡಿ ಮ್ಯಾಲ ಎಂಟು ಕಿಲೋಮೀಟರ್ ಓಡ್ತೀನಿ. ಹೇಳಿದ್ರ ಮ್ಯಾನೇಜರ್ ನಂಬಂಗಿಲ್ಲ."

ಇಬ್ಬರೂ ಒಬ್ಬರ ಎದೆಯನ್ನೊಬ್ಬರು ನೋಡಿದರು. ಅಲ್ಲಿ ಪಿನ್ನು ಚುಚ್ಚಿದ ಚೆಸ್ಟ್ ನಂಬರುಗಳಿದ್ದವು.

"ಬದಲಿ ಮಾಡ್ಕೊಳ್ಳಾಣೇನು?" ಎನ್ನುತ್ತಲೇ ಹೊನ್ನೂರಪ್ಪ ತನ್ನ ನಂಬರಿನ ಪಿನ್ನು ಬಿಚ್ಚತೊಡಗಿದ. "ನಾ ಓಡೋದನ್ನ ಅವರು ಕಣ್ಣಾರೆ ನೋಡ್ಲಿ. ಆಮ್ಯಾಲೆ ಬೈದ್ರ ಬೈಲಿ."

ಮಧ್ಯಾಹ್ನ ಒಂದಕ್ಕೆ ಹೊನ್ನೂರಪ್ಪ ಬಸವಕುಮಾರನ ನಂಬರ್ ಕಟ್ಟಿಕೊಂಡು ಸುಣ್ಣದ ಗೆರೆಗೆ ಬೆರಳೂರಿದ. ಕಣ್ಣಲ್ಲಿ ನೀರು ಬಂತು. ಪಿಸ್ತೂಲು ಹಾರಿತು. ಮುಂದಿನದು ಅವನಿಗೆ ಸರಿಯಾಗಿ ನೆನಪಿಲ್ಲ. ಗಾಳಿ ಕಿವಿಯಲ್ಲಿ ಭರ್ರೆಂದಿತು, ಪಕ್ಕದವರು ಒಬ್ಬೊಬ್ಬರಾಗಿ ಹಿಂದುಳಿದರು, ಎದೆಗೆ ರಿಬ್ಬನ್ನು ತಾಗಿತು. ಮೊದಲ ಸ್ಥಾನ. ಏದುಸಿರು ಬಿಡುತ್ತ ನಗುನಗುತ್ತ ತನ್ನ ಕಚೇರಿಯ ಶಾಮಿಯಾನದ ಕಡೆ ತಿರುಗಿದ.

ಕುರ್ಚಿಗಳೆಲ್ಲ ಖಾಲಿ ಇದ್ದವು.

"ಎಲ್ಲಾರೂ ಊಟಕ್ಕ ಹೋಗ್ಯಾರ," ಎಂದ ನೀರು ಕೊಡುವವನು. "ಬಸವಕುಮಾರ ಗೆಲ್ಲೋದು ಗ್ಯಾರಂಟಿ, ನೋಡೋದೇನೈತಿ, ಹೋಳಿಗಿ ತೀರಿ ಹೋಗ್ತಾವ ಅಂತ ನಿಮ್ಮ ಮ್ಯಾನೇಜರ್ ಎಲ್ಲಾರನ್ನೂ ಎಬ್ಬಿಸ್ಕೊಂಡು ಹೋದ್ರು."

ಗೆರೆಯ ಬಳಿಯ ತೀರ್ಪುಗಾರ ನಂಬರ್ ಬರೆದುಕೊಂಡ, ಮುಖ ನೋಡಲಿಲ್ಲ. ಸಂಜೆ ಐದು ಸಾವಿರ ಮೀಟರಿನಲ್ಲಿ ಬಸವಕುಮಾರ್ ಎಲ್ಲರನ್ನೂ ಒಂದು ಸುತ್ತು ಹಿಂದೆ ಹಾಕಿ ಗೆದ್ದ. ಅದನ್ನು ಎಂದಿನಂತೆ ಯಾರೂ ನೋಡಲಿಲ್ಲ.

ಮೈಕು ಕೂಗಿತು: "ನೂರು ಮೀಟರ್ ಪ್ರಥಮ, ಬಸವಕುಮಾರ್. ಐದು ಸಾವಿರ ಮೀಟರ್ ಪ್ರಥಮ, ಹೊನ್ನೂರಪ್ಪ."

ವಿಜಯಕುಮಾರ್ ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡರು. ಅವರ ಕಣ್ಣು ತುಂಬಿತ್ತು. "ಕೀನ್ಯಾಕ್ಕೂ ಬಂಗಾರ, ಜಮೈಕಾಕ್ಕೂ ಬಂಗಾರ. ನಾ ಹೇಳಿದ್ದಿಲ್ಲೇನ್ರಿ? ರಕ್ತ ಸುಳ್ಳು ಹೇಳಂಗಿಲ್ಲ."

"ಸರ್, ಒಂದು ಮಾತು..." ಎಂದು ಹೊನ್ನೂರಪ್ಪ ಬಾಯಿ ತೆರೆದ. ಬಸವಕುಮಾರ್ ಅವನ ಸೊಂಟ ಚಿವುಟಿ ಪಿಸುಗುಟ್ಟಿದ: "ಸುಮ್ನಿರಲೇ. ಇನ್ನೊಬ್ಬರ ನಂಬರಿನಾಗ ಓಡಿದ್ವಿ ಅಂದ್ರ ಇಬ್ಬರಿಗೂ ಸಸ್ಪೆಂಡು."

"ಮಾತೆಲ್ಲ ಆಮ್ಯಾಲೆ," ಎಂದರು ವಿಜಯಕುಮಾರ್. "ಮುಂದಿನ ತಿಂಗಳು ರಾಜ್ಯ ಮಟ್ಟ. ನಿನ್ನ ಹೆಸರು ಹತ್ತು ಸಾವಿರ ಮೀಟರಿಗೂ ಕೊಟ್ಟು ಬಂದೀನಿ. ಇಪ್ಪತ್ತೈದು ಸುತ್ತು. ಈ ಸಲ ನಿನ್ನ ಓಟ ಯಾರೂ ನೋಡಲಿಲ್ಲ ಅಂತ ನಂಗ ಭಾಳ ಕೆಟ್ಟ ಅನಿಸೇತಿ ಹೊನ್ನೂರಪ್ಪ. ಅದಕ್ಕ ಕಚೇರಿ ಮಂದಿಯೆಲ್ಲಾ ಬಸ್ ಮಾಡ್ಕೊಂಡು ಬರ್ತೀವಿ. ಬುತ್ತಿ ಕಟ್ಕೊಂಡೇ ಬರ್ತೀವಿ. ಕಡೀ ಸುತ್ತಿನ ತನಕ ಒಬ್ಬರನ್ನೂ ಏಳಾಕ ಬಿಡಂಗಿಲ್ಲ."