ಲಾಡ್ಜಿನ ಬಾಗಿಲಿಗೆ ಶೇಂಗಾ ಸಿಪ್ಪೆಯ ಕಾವಲು

ನಮ್ಮ ಅತ್ತೆಯ ಜೊತೆ ಪ್ರವಾಸಕ್ಕೆ ಹೋದವರು ಊರು ನೋಡಿಕೊಂಡು ಬರುವುದಿಲ್ಲ, ಬಾಗಿಲು ನೋಡಿಕೊಂಡು ಬರುತ್ತಾರೆ! ನಂಬಿಕೆ ಬರಲಿಲ್ಲವೇ? ನನ್ನನ್ನೇ ಕೇಳಿ. ಮೈಸೂರಿಗೆ ಹೋಗಿ ನಾಲ್ಕು ದಿನ ಇದ್ದು ಬಂದವನು ನಾನು. ಅರಮನೆಯಲ್ಲಿ ಏನೇನಿದೆ ಎಂದರೆ ತಲೆ ಕೆರೆದುಕೊಳ್ಳುತ್ತೇನೆ. ಆದರೆ ನಾವು ಇಳಿದುಕೊಂಡ ಲಾಡ್ಜಿನಲ್ಲಿ ಮೆಟ್ಟಿಲಿನಿಂದ ನಮ್ಮ ಕೋಣೆಗೆ ಎಷ್ಟು ಬಾಗಿಲು, ಆ ಕೋಣೆಯ ಬಾಗಿಲಿಗೆ ಎಷ್ಟು ಚಿಲಕ, ಅವುಗಳಲ್ಲಿ ಯಾವುದು ಅರ್ಧಕ್ಕೇ ನಿಂತು ಕೈಕೊಡುತ್ತದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮುದ್ದೇಬಿಹಾಳದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ ವಾರ್ಡನ್ ಆಗಿದ್ದವರು. ಮದುವೆಯಾಗಲಿಲ್ಲ. ಅದಕ್ಕೊಂದು ಕಥೆಯಿದೆ. ಒಮ್ಮೆ ಇವರನ್ನು ನೋಡಲು ಹಾಸ್ಟೆಲಿಗೇ ಒಂದು ಗಂಡು ಬಂದಿತ್ತಂತೆ. ಅತ್ತೆ ಗೇಟಿನಲ್ಲೇ ತಡೆದು, ಬಂದವರು ಸಹಿ ಮಾಡುವ ರಜಿಸ್ಟರನ್ನು ಅವನ ಮುಂದೆ ಹಿಡಿದರಂತೆ. ಹೆಸರು ಬರೆದ, ಊರು ಬರೆದ, 'ಬಂದ ಕಾರಣ' ಎಂಬ ಕಾಲಮಿಗೆ ಬಂದಾಗ ಪಾಪ, ಪೆನ್ನು ಕೆಳಗಿಟ್ಟು ಹಾಗೇ ವಾಪಸು ಹೊರಟುಹೋದ! ಇದನ್ನು ನಮ್ಮ ಅಪ್ಪ ಬದುಕಿದ್ದಾಗ ನಗುನಗುತ್ತಾ ಹೇಳುತ್ತಿದ್ದರು. ಅತ್ತೆ ಮಾತ್ರ ನಗದೆ, "ಕಾರಣ ಬರಿಯಾಕ ಬರದಾಂವ ಸಂಸಾರ ಏನ್ ಮಾಡ್ತಿದ್ದ?" ಎಂದು ಕೇಳುತ್ತಿದ್ದರು.

ನಿವೃತ್ತಿಯಾದ ಮೇಲೆ ಅತ್ತೆ ಇಂಡಿಗೆ ಬಂದು ನಮ್ಮ ಓಣಿಯಲ್ಲೇ ನಾಲ್ಕು ಮನೆ ಆಚೆ ಇದ್ದಾರೆ. ಅವರು ಹಾಸ್ಟೆಲ್ ಬಿಟ್ಟರು, ಹಾಸ್ಟೆಲ್ ಅವರನ್ನು ಬಿಡಲಿಲ್ಲ. ಕಾಯಲು ಎಂಬತ್ತು ಹುಡುಗಿಯರಿದ್ದ ಜಾಗದಲ್ಲಿ ಈಗ ನಾನು, ನನ್ನ ಹೆಂಡತಿ, ಎಂಟು ವರ್ಷದ ನನ್ನ ಮಗಳು, ಹೀಗೆ ಮೂರೇ ಜನ. ಎಂಬತ್ತು ಜನರ ಮೇಲೆ ಹಂಚಿ ಹೋಗುತ್ತಿದ್ದ ಕಾಳಜಿಯೆಲ್ಲ ಮೂವರ ಮೇಲೆ ಬಿದ್ದರೆ ಏನಾಗಬೇಡ! ಇಂಡಿಯಲ್ಲಿದ್ದಾಗ ಹೇಗೋ ತಡೆದುಕೊಳ್ಳಬಹುದು. ಊರು ದಾಟಿ ಒಂದು ಲಾಡ್ಜಿನ ಮೆಟ್ಟಿಲು ಹತ್ತಿದೆವೋ, ಅತ್ತೆಯ ಮೈಮೇಲೆ ಹಳೆಯ ವಾರ್ಡನ್ ಬಂದುಬಿಡುತ್ತಾಳೆ.

ಮೈಸೂರಿನ ಆ ಲಾಡ್ಜನ್ನೇ ತೆಗೆದುಕೊಳ್ಳಿ. ಕೌಂಟರಿನಲ್ಲಿದ್ದ ಕನ್ನಡಕದ ಮನುಷ್ಯ ನಗುನಗುತ್ತಾ ಬೀಗದ ಕೈ ಎತ್ತಿ, "ಮುನ್ನೂರ ಎಂಟು, ಮೂರನೇ ಮಹಡಿ ಸರ್" ಎಂದು ಗಟ್ಟಿಯಾಗಿ ಹೇಳಿದರು. ಅಷ್ಟೇ ಸಾಕಾಯಿತು!

"ಯಾಕ್ರೀ, ಡಂಗುರಾ ಸಾರಾಕತ್ತೀರಿ?" ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ನಿಂತರು. "ಇಲ್ಲಿ ಕುಂತ ಹತ್ತ ಮಂದಿಗೂ ನಮ್ಮ ಖೋಲಿ ನಂಬರ ಗೊತ್ತಾತಲ್ಲ! ಬ್ಯಾರೆ ಖೋಲಿ ಕೊಡ್ರಿ. ನಂಬರ ಬಾಯಿಲೆ ಹೇಳಬ್ಯಾಡ್ರಿ, ಚೀಟಿ ಮ್ಯಾಲ ಬರದ ಕೊಡ್ರಿ."

"ಬೇರೆ ಅಂದ್ರೆ ಕೆಳಗಡೆ ಒಂದಿದೆ ಮೇಡಂ."

"ಕೆಳಗ ಬ್ಯಾಡ. ಹಾದ್ಯಾಗ ಹೋಗಾವ್ರೆಲ್ಲಾ ಕಿಡಕ್ಯಾಗ ಹಣಿಕಿ ಹಾಕ್ತಾರ."

"ಹಾಗಾದ್ರೆ ನಾಲ್ಕನೇ ಮಹಡಿ ಕೊಡ್ಲಾ? ಒಳ್ಳೆ ಗಾಳಿ ಬರುತ್ತೆ."

"ಗಾಳಿ ತಗೊಂಡ ಏನ ಮಾಡೂದೈತಿ? ಅಲ್ಲಿಂದ ಜಿಗದ್ರ ಜೀವಾನ ಹೋಗ್ತೈತಿ. ಮೊದಲನೇ ಮಹಡಿ ಕೊಡ್ರಿ. ಜಿಗದ್ರ ಕಾಲಷ್ಟ ಮುರೀಬೇಕು!"

ಬಿಸಿನೀರು ಕೇಳಿದ ಗಿರಾಕಿಗಳನ್ನು ಕಂಡಿದ್ದರು, ವೈಫೈ ಕೇಳಿದವರನ್ನು ಕಂಡಿದ್ದರು. ಜಿಗಿಯುವ ಎತ್ತರ ವಿಚಾರಿಸಿ ಕೋಣೆ ಹಿಡಿಯುವವರನ್ನು ಆ ಮನುಷ್ಯ ಬಹುಶಃ ಅಂದೇ ಮೊದಲು ಕಂಡದ್ದು. ನನ್ನ ಕಡೆ ಬಗ್ಗಿ ಮೆಲ್ಲಗೆ, "ಸರ್, ಮನೇಲಿ ಎಲ್ಲಾ ಆರಾಮಾಗಿದ್ದೀರಿ ತಾನೇ?" ಎಂದು ಕೇಳಿದರು. ಆರಾಮಾಗಿದ್ದೇವೆ ಎಂದು ನಾನು ನಾಲ್ಕು ಸಲ ಹೇಳಿದ ಮೇಲೆಯೇ ಮೊದಲನೇ ಮಹಡಿಯ ಕೋಣೆಯ ಚೀಟಿ ನಮ್ಮ ಕೈ ಸೇರಿತು.

ಕೋಣೆ ಸಿಕ್ಕಿತು, ಇನ್ನು ಹೋಗಿ ಕಾಲು ಚಾಚಬಹುದು ಎಂದುಕೊಂಡಿರಾ? ಅಷ್ಟು ಸುಲಭವೇ! ಮೆಟ್ಟಿಲು ಹತ್ತಿ ಪಡಸಾಲೆಗೆ ಬಂದ ಕೂಡಲೇ ಅತ್ತೆ ಕೈ ಅಡ್ಡ ಹಿಡಿದರು.

"ಚೀಲಾ ಕೆಳಗಿಡ್ರಿ. ಬೆಂಕಿ ಹತ್ತಿದ್ರ ಲೈಟ ಇರಂಗಿಲ್ಲ, ಹೊಗಿಯಾಗ ಕಣ್ಣ ಕಾಣಂಗಿಲ್ಲ. ಲಿಫ್ಟ ಅಂಬೂದನ್ನ ಮರತಬಿಡ್ರಿ. ಹೊಗಿ ಮ್ಯಾಲ ಇರ್ತೈತಿ, ಅದಕ್ಕ ಬಗ್ಗಿ ನಡೀಬೇಕು. ಗ್ವಾಡಿ ಮುಟಗೋತ ಬಾಗಲ ಎಣಸರಿ. ಹೂಂ, ಕಣ್ಣ ಮುಚ್ಚರಿ!"

ಮಗಳಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇರೆ ಬೇಕೇ? ಅವಳು ಮುಂದೆ, ನಡುವೆ ನಾನು, ಹಿಂದೆ ನನ್ನ ಹೆಂಡತಿ. ಮೂವರೂ ಸೊಂಟ ಬಗ್ಗಿಸಿ, ಕಣ್ಣು ಮುಚ್ಚಿ, ಗೋಡೆ ಸವರುತ್ತಾ ಹೊರಟೆವು. ಒಂದು, ಎರಡು, ಮೂರು, ನಾಲ್ಕು… ಮಗಳೂ ನಾನೂ ಐದನೆಯ ಬಾಗಿಲು ದಾಟಿದ್ದೆವು. ಅಷ್ಟರಲ್ಲಿ ಆ ಬಾಗಿಲು ತೆರೆದು, ಟವೆಲ್ ಸುತ್ತಿಕೊಂಡ ದಢೂತಿ ಮಹನೀಯರೊಬ್ಬರು ಹೊರಗೆ ಬಂದು ನಿಂತರು. ನನ್ನ ಹೆಂಡತಿಯ ಕೈ ನೇರವಾಗಿ ಹೋಗಿ ಅವರ ಹೊಟ್ಟೆಯ ಮೇಲೆ ಕುಳಿತಿತು. ಅವಳು ಕಣ್ಣು ತೆರೆಯಲಿಲ್ಲ. ವಿಧೇಯ ವಿದ್ಯಾರ್ಥಿನಿ! ಗಟ್ಟಿಯಾಗಿ, "ಐದು!" ಎಂದು ಎಣಿಸಿಯೂ ಬಿಟ್ಟಳು.

"ಏನ್ರೀ ಅದು ಐದು?" ಎಂದರು ಮಹನೀಯರು, ಹೊಟ್ಟೆ ಒಳಗೆಳೆದುಕೊಂಡು.

ನನ್ನ ಹೆಂಡತಿ ಭೂಮಿ ಬಾಯಿಬಿಡಲಿ ಎಂದು ನಿಂತಿದ್ದಳು. ಅತ್ತೆ ಮಾತ್ರ ಒಂದಿಷ್ಟೂ ಅಳುಕಲಿಲ್ಲ. "ಬರ್ರಿ ಅಣ್ಣಾರ, ನೀವೂ ಹಿಂದ ನಿಂದರ್ರಿ. ಬೆಂಕಿಗೆ ನಮ್ಮವರು, ನಿಮ್ಮವರು ಅಂತ ಏನೂ ಇರಂಗಿಲ್ಲ" ಎಂದರು. ಎಂಬತ್ತು ಹುಡುಗಿಯರು ಎದುರಾಡದ ದನಿ ಅದು, ಟವೆಲ್ ಉಟ್ಟ ಒಬ್ಬ ಮನುಷ್ಯ ಎಷ್ಟರವನು? ಆತ ನಿಜವಾಗಿಯೂ ನಮ್ಮ ಸಾಲಿನ ಹಿಂದೆ ನಿಂತು, ಒಂದು ಕೈಯಲ್ಲಿ ಟವೆಲ್, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಕೊನೆಯವರೆಗೂ ಎಣಿಸಿದರು! ನಮ್ಮದು ಏಳನೆಯ ಬಾಗಿಲು ಎಂದು ಖಾತ್ರಿಯಾದ ಮೇಲೆಯೇ ಅವರನ್ನು ಸ್ನಾನಕ್ಕೆ ಬಿಟ್ಟದ್ದು.

ಒಳಗೆ ಹೋದ ಮೇಲೆ ಕೋಣೆಯ ಝಡತಿ. ಮಟಮಟ ಮಧ್ಯಾಹ್ನ ಪರದೆ ಎಳೆದು ಕತ್ತಲು ಮಾಡಿ, ಮೊಬೈಲಿನ ಬೆಳಕು ಹಿಡಿದು, ಕನ್ನಡಿ, ಗಡಿಯಾರ, ಪ್ಲಗ್ಗಿನ ತೂತು ಎಲ್ಲವನ್ನೂ ಅತ್ತೆ ತಪಾಸಣೆ ಮಾಡಿದರು. ಎಲ್ಲೋ ಕಳ್ಳ ಕ್ಯಾಮೆರಾ ಇಟ್ಟಿರುತ್ತಾರೆಂದು ಪೇಪರಿನಲ್ಲಿ ಓದಿದ್ದರು. ಏನೂ ಸಿಗಲಿಲ್ಲ. ಇನ್ನೇನು ಪರದೆ ಸರಿಸಬೇಕು, ಅಷ್ಟರಲ್ಲಿ ಮೇಲೆ ಛಾವಣಿಯಲ್ಲಿ ಬಿಳಿಯ ದುಂಡನೆಯ ವಸ್ತುವೊಂದು ಕೆಂಪಗೆ ಕಣ್ಣು ಮಿಟುಕಿಸಿತು.

"ಸಿಕ್ಕತ್ ನೋಡು!" ಎಂದು ಕೂಗಿದವರೇ ಕುರ್ಚಿ ಹತ್ತಿ, ತಮ್ಮ ಹಣೆಯ ಮೇಲಿನ ಟಿಕಳಿ ಕಿತ್ತು ಆ ಕೆಂಪು ಕಣ್ಣಿಗೆ ಮೆತ್ತಿಬಿಟ್ಟರು. ಶೃಂಗಾರಗೊಂಡ ಆ ಛಾವಣಿಯ ಕೆಳಗೆ ನಾವು ನಿಶ್ಚಿಂತೆಯಿಂದ ಎರಡು ದಿನ ಕಳೆದೆವು. ಮೂರನೆಯ ದಿನ ಫ್ಯಾನ್ ನೋಡಲು ಬಂದ ಮೇಸ್ತ್ರಿ ಮೇಲೆ ನೋಡಿ ಬಾಯಿಬಿಟ್ಟರು.

"ಇದಕ್ಕೆ ಕುಂಕುಮ ಇಟ್ಟಿದ್ದು ಯಾರಮ್ಮಾ?"

"ನಾನ. ಕ್ಯಾಮೆರಾ ಇಟ್ಟಾವ್ರು ಯಾರು, ಅದನ್ನ ಮೊದಲ ಹೇಳ್ರಿ!"

"ಕ್ಯಾಮೆರಾ ಅಲ್ಲ ತಾಯಿ. ಹೊಗೆ ಬಂದ್ರೆ ಕೂಗಿಕೊಳ್ಳೋ ಯಂತ್ರ ಇದು."

ಅತ್ತೆಯ ಮುಖ ನೋಡಬೇಕಿತ್ತು! "ಅಯ್ಯ ಶಿವನ! ನಮ್ಮನ್ನ ಕಾಯಾಕ ಕುಂತದ್ದರ ಕಣ್ಣ ಮುಚ್ಚಿಬಿಟ್ಟಿದ್ನಲ್ಲೋ" ಎಂದು ಮತ್ತೆ ಕುರ್ಚಿ ಹತ್ತಿ, ಟಿಕಳಿ ತೆಗೆದು, ಸೆರಗಿನಿಂದ ಒರೆಸಿ ಕೈಮುಗಿದರು. ಅಂದಿನಿಂದ ಅದು ಅವರ ಸಹೋದ್ಯೋಗಿ. ಹೊರಗೆ ಹೊರಡುವಾಗಲೆಲ್ಲ ತಲೆ ಎತ್ತಿ, "ಹೋಗಿ ಬರ್ತೇವಪಾ, ಖೋಲಿ ಕಡೆ ಲಕ್ಷ್ಯ ಇರಲಿ" ಎಂದು ಹೇಳಿಯೇ ಬೀಗ ಹಾಕುತ್ತಿದ್ದರು.

ಶೇಂಗಾ ವಿಷಯ ಹೇಳದಿದ್ದರೆ ಎಲ್ಲ ಹೇಳಿದಂತಾಗುವುದಿಲ್ಲ. ಹೊರ್ತಿಯಲ್ಲಿ ನಮ್ಮದೊಂದು ತುಂಡು ಹೊಲವಿದೆ. ಅಲ್ಲಿಯ ಶೇಂಗಾ ಎರಡು ಸೇರು ಇಲ್ಲದೆ ಅತ್ತೆ ಪ್ರವಾಸಕ್ಕೆ ಹೊರಡುವುದಿಲ್ಲ. ಸಂಜೆ ಎಲ್ಲರೂ ಕುಳಿತು ಒಡೆದು ತಿನ್ನಬೇಕು, ಸಿಪ್ಪೆ ಮಾತ್ರ ಚೆಲ್ಲಬಾರದು. ಏಕೆಂದರೆ ಕಾಳು ನಮ್ಮ ಹೊಟ್ಟೆಗೆ, ಸಿಪ್ಪೆ ನಮ್ಮ ಬಾಗಿಲಿಗೆ! ಚಿಲಕ ಹಾಕಿದ ಮೇಲೆ ಹೊಸ್ತಿಲ ಒಳಗೆ ಒಂದು ಮೊಳದಗಲ ಸಿಪ್ಪೆ ಹರಡುತ್ತಿದ್ದರು. "ಬೀಗಾ ಮುರಿಯೋ ಕಳ್ಳ ಇದ್ದಾನು. ಶೇಂಗಾ ಸಿಪ್ಪಿ ಮ್ಯಾಲ ಸಪ್ಪಳಿಲ್ಲದ ನಡಿಯೋ ಕಳ್ಳ ಇನ್ನಾ ಹುಟ್ಟಬೇಕು" ಎಂದು ಅವರ ಸವಾಲು.

ಆ ಕಳ್ಳ ನಾನೇ ಆಗಬೇಕೇ! ಬೆಳಿಗ್ಗೆ ಅತ್ತೆ ಸ್ನಾನದ ಮನೆಯಲ್ಲಿದ್ದಾಗ ಸಿಪ್ಪೆಗಳ ಮೇಲಿಂದ ಹಾರಿ, ಕೆಳಗೆ ಹೋಗಿ, ನಾಲ್ಕು ಕಪ್ಪು ಚಹಾ ತಂದೆ. ಕೈಯಲ್ಲಿ ಚಹಾ ಇಟ್ಟುಕೊಂಡು ಹಾರಲು ಬರುತ್ತದೆಯೇ? ಕಾಲಿಟ್ಟೆ. ಕರ್ರ್! ಸ್ನಾನದ ಮನೆಯ ಬಾಗಿಲು ತೆರೆಯಿತು. "ಯಾವಾಂವ ಅಂವಾ?" ಎಂಬ ಗರ್ಜನೆಯ ಬೆನ್ನಿಗೇ ಒಂದು ತಂಬಿಗೆ ತಣ್ಣೀರು ನನ್ನ ಮುಖಕ್ಕೆ ಬಿತ್ತು. ಕೈಯಲ್ಲಿದ್ದ ಚಹಾ ಎದೆಗೆ ಬಿತ್ತು. ಮೇಲೆ ತಣ್ಣಗೆ, ಕೆಳಗೆ ಬಿಸಿ, ನಡುವೆ ನಾನು! ಅತ್ತೆಗೆ ಒಂದಿಷ್ಟಾದರೂ ಪಶ್ಚಾತ್ತಾಪ? ಇಲ್ಲ! ಕುಣಿಯುವುದೊಂದು ಬಾಕಿ.

"ನೋಡಿದ್ಯೇನು? ಕೆಲಸ ಮಾಡ್ತು!"

ಇಂಡಿಗೆ ಮರಳಿದ ಮೇಲೆ ನನ್ನ ಹೆಂಡತಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ಅತ್ತಿಯವರ ಮ್ಯಾಲ ನನಗೇನ ಸಿಟ್ಟಿಲ್ರಿ. ಆದ್ರ ವರ್ಷಕ್ಕ ಸಿಗೂದು ನಾಕ ದಿನ ಸೂಟಿ. ಒಮ್ಮೆರೆ ಬಾಗಲಾ ಎಣಸದ, ಸಿಪ್ಪಿ ಹಾಸದ ಆರಾಮ ಇದ್ದ ಬರೂಣು. ಬರೂ ಸಲ ನಾವ ಮೂರ ಮಂದಿ ಅಷ್ಟ."

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಪರಪುರುಷನ ಹೊಟ್ಟೆ ಎಣಿಸಿ ಬಂದವಳು ಅವಳು. ಹೂಂ ಅಂದೆ. ಅಂದ ಮೇಲೆ ಸಂಕಟ ಶುರುವಾಯಿತು. ಅತ್ತೆಗೆ ಹೇಳುವುದು ಹೇಗೆ? ವರ್ಷಕ್ಕೊಮ್ಮೆ ನಾವು ಕರೆದುಕೊಂಡು ಹೋಗುವ ನಾಲ್ಕು ದಿನ ಬಿಟ್ಟರೆ ಅವರಿಗೆ ಬೇರೆ ತಿರುಗಾಟವೇ ಇಲ್ಲ. ಯುಗಾದಿ ಮುಗಿದ ಮರುದಿನವೇ, "ಈ ಸಲ ದಸರಾಕ್ಕ ಎಲ್ಲಿಗಿ ಹೋಗೂದೋ?" ಎಂದು ಕೇಳಲು ಶುರುಮಾಡುತ್ತಾರೆ. ಅವರ ಮುಖ ನೋಡಿ, ನಿಮ್ಮನ್ನು ಬಿಟ್ಟು ಹೋಗುತ್ತೇವೆ ಎನ್ನುವ ಎದೆಗಾರಿಕೆ ನನಗಿಲ್ಲ. ಕಡಲತೀರದಲ್ಲಿ ಮೂವರಿಗೆ ಹೋಟೆಲ್ ಗೊತ್ತುಮಾಡಿ, ಹೇಡಿಯ ಹಾಗೆ ಸುಳ್ಳು ಹೇಳಿದೆ.

"ಈ ಸಲ ಎಲ್ಲಿಗೂ ಇಲ್ಲತ್ತಿ. ಬಸವನ ಬಾಗೇವಾಡಿಗೆ, ಇಕಿ ತವರಮನಿಗೆ ಹೋಗಿ ಬರ್ತೇವಿ."

"ಹೌದಾ? ಹೋಗಿ ಬರ್ರಿ" ಎಂದರು ಅತ್ತೆ. ಇನ್ನೊಂದು ಪ್ರಶ್ನೆ ಇಲ್ಲ. ಎಷ್ಟು ದಿನ, ಯಾವ ಬಸ್ಸು, ಯಾರು ಕರೆಯಲು ಬರುತ್ತಾರೆ, ಏನೂ ಕೇಳಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಹೊರಡುವ ಬೆಳಿಗ್ಗೆ ಇಂಡಿಯ ಬಸ್ ನಿಲ್ದಾಣದಲ್ಲಿ ವಿಜಯಪುರದ ಬಸ್ಸಿನ ಮುಂದೆ ನಿಂತಿದ್ದೆವು. ಮಗಳು ನೀರಾಟದ ನೀಲಿ ಟ್ಯೂಬಿಗೆ ಮನೆಯಲ್ಲೇ ಗಾಳಿ ತುಂಬಿ ಸೊಂಟಕ್ಕೆ ಹಾಕಿಕೊಂಡಿದ್ದಳು. ಎಷ್ಟು ಹೇಳಿದರೂ ತೆಗೆಯಲೊಲ್ಲಳು. ತಿರುಗಿ ನೋಡಿದರೆ, ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ಅತ್ತೆ ಬರುತ್ತಿದ್ದಾರೆ! ಟ್ಯೂಬ್ ಬಚ್ಚಿಡಲು ಅದೇನು ಕಿಸೆಯಲ್ಲಿಡುವ ವಸ್ತುವೇ?

"ಬಾಗೇವಾಡಿಗೆ ಸಮುದ್ರ ಯಾವಾಗ ಬಂತೋ?" ಎಂದರು ಅತ್ತೆ.

ನಾನು ನೆಲ ನೋಡಿದೆ. ನನ್ನ ಹೆಂಡತಿ ಬಸ್ಸಿನ ಬೋರ್ಡು ನೋಡಿದಳು.

"ಇರ್ಲಿ ಬಿಡು. ಎಂಟ ದಿನದ ಹಿಂದನ ಈ ಕೂಸ ಕೇಳಿತ್ತು, ಸಮುದ್ರದ ಹೋಟೆಲನ್ಯಾಗೂ ಬಾಗಲಾ ಎಣಸಬೇಕೇನಜ್ಜಿ ಅಂತ. ನಾ ಏನ ಬರ್ತೇನಿ ಅಂತ ಹಟಾ ಮಾಡ್ತಿದ್ನೇನೋ? ಹೇಳಿದ್ರ ಆಗ್ತಿತ್ತು." ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! "ಸೂಟಿ ಬಿಟ್ಟ ದಿನ ಹಾಸ್ಟೆಲನ್ಯಾಗಿನ ಎಂಬತ್ತ ಹುಡುಗ್ಯಾರೂ ಮನಿಗಿ ಹೋಗ್ತಿದ್ರು. ಅವತ್ತ ಒಂದ ದಿನ ನನಗ ಚಲೋ ನಿದ್ದಿ. ಇನ್ನ ಅವರವ್ವ ಕಾಯ್ತಾಳ ಅಂತ. ನಿಮ್ಮನ್ನ ಅಲ್ಲಿ ಯಾರ ಕಾಯ್ತಾರ ಅಂತ ಅದೊಂದ ಚಿಂತಿ ಹತ್ತೈತಿ, ಮತ್ತೇನಿಲ್ಲ. ತಗೋರಿ, ಹಾದಿಗೆ ರೊಟ್ಟಿ ತಂದೇನಿ."

ಕಂಡಕ್ಟರ್ ಸೀಟಿ ಊದಿದ. ಅತ್ತೆ ಚೀಲದಿಂದ ರೊಟ್ಟಿಯ ಗಂಟು ಎಳೆದರು. ಅದು ಯಾವುದಕ್ಕೋ ಸಿಕ್ಕಿ ಬರಲಿಲ್ಲ. ನನ್ನ ಹೆಂಡತಿ ಬಗ್ಗಿ ಚೀಲದ ಬಾಯಿ ಅಗಲಿಸಿ ಹಿಡಿದಳು. ಗಂಟು ಮೇಲೆ ಬಂತು. ಅದರ ಕೆಳಗೆ ಮಡಚಿಟ್ಟ ಎರಡು ಸೀರೆ, ಹಣಿಗೆ, ಬಿ.ಪಿ. ಗುಳಿಗೆ, ಪ್ಲಾಸ್ಟಿಕ್ ಕಾಗದದಲ್ಲಿ ಸುತ್ತಿದ ಹಲ್ಲುಜ್ಜುವ ಬ್ರಷ್ಷು.

ಅತ್ತೆ ಗಡಬಡಿಸಿ ಚೀಲದ ಬಾಯಿ ಮುಚ್ಚಿದರು. "ಅದು… ಸೀರಿ ಇಸ್ತ್ರಿಗೆ ಕೊಡಬೇಕಂತ ತಂದಿದ್ದೆ."

ಬ್ರಷ್ಷನ್ನೂ ಇಸ್ತ್ರಿಗೆ ಕೊಡುತ್ತಾರೆಯೇ? ಬೇರೆ ಯಾವ ದಿನವಾದರೂ ಕೇಳುತ್ತಿದ್ದೆ. ಯಾರಾದರೂ ಒಂದು ಮಾತು ಕರೆದಾರು ಎಂದು, ಕರೆಯದಿದ್ದರೆ ಯಾರಿಗೂ ಕಾಣಬಾರದೆಂದು, ರೊಟ್ಟಿಯ ಕೆಳಗೆ ಅವರು ಆ ಸೀರೆಗಳನ್ನು ಇಟ್ಟುಕೊಂಡು ಬಂದಿದ್ದರು. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ನನ್ನ ಹೆಂಡತಿ ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡು ಬಸ್ಸು ಹತ್ತಿ, ತನ್ನ ಸೀಟಿನ ಕೆಳಗೆ ಇಟ್ಟು, ಬಾಗಿಲಿಗೆ ಬಂದು ಕೈ ಚಾಚಿದಳು.

"ಹತ್ತರಿ ಅತ್ತಿಯವರ, ಬಸ್ ಬಿಡ್ತಾರ."

ಅತ್ತೆ ಆ ಕೈ ಹಿಡಿದು ಹತ್ತಿದರು. ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತವರು, ವಿಜಯಪುರ ಬರುವವರೆಗೂ ನನ್ನ ಹೆಂಡತಿಯ ಕೈ ಬಿಡಲಿಲ್ಲ.