ಗ್ರಹಕ್ಕೊಂದು ಶಿಲಾಫಲಕ

ಮುಟ್ಟಿ ನೋಡದ ಸರಕಿಗೆ ಮಾತು ಕೊಡಬೇಡಿ ಎಂದು ಕೇಳಿದವರಿಗೂ ಕೇಳದವರಿಗೂ ಉಪದೇಶ ಮಾಡುತ್ತ ಬಂದವನು ನಾನು. ಶಹಾಬಾದಿನಲ್ಲಿ ಹಾಸುಗಲ್ಲಿನ ವ್ಯಾಪಾರ. ಗಣಿಯಲ್ಲಿ ಕಲ್ಲು ಹೊತ್ತು ಮೇಲೆ ಬಂದವನು. ಕಲ್ಲನ್ನೊಮ್ಮೆ ಬಡಿದರೆ ಒಳಗಿನ ಬಿರುಕು ಕಿವಿಗೆ ಕೇಳಿಸುತ್ತದೆ. ಇಂಥ ನಾನು ಕಣ್ಣಿಗೂ ಕಾಣದ ಒಂದು ಗ್ರಹದ ವ್ಯವಹಾರದಲ್ಲಿ ಸಿಕ್ಕಿಬಿದ್ದೆ.

ಮಗಳು ಸವಿತಾ ಚಿತ್ತಾಪುರದಲ್ಲಿ ವಿಜ್ಞಾನದ ಟೀಚರು. ಬಾಹ್ಯಾಕಾಶದಲ್ಲಿರುವ ದೂರದರ್ಶಕವೊಂದು ನಕ್ಷತ್ರಗಳ ಬೆಳಕನ್ನು ಅಳೆದು ಕಳಿಸುತ್ತದಂತೆ. ಆ ಅಳತೆಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದಂತೆ. ಪುಕ್ಕಟೆ ಎಂದಾಗಲೇ ನಾನು ಎಚ್ಚರಾಗಬೇಕಿತ್ತು. ಒಂದು ಭಾನುವಾರ ಲ್ಯಾಪ್‌ಟಾಪ್ ತಿರುಗಿಸಿ, “ಅಪ್ಪಾ, ಈ ನಕ್ಷತ್ರದ ಬೆಳಕು ಎರಡು ಸಲ ಕುಗ್ಗೇದ ನೋಡು. ಮುಂದ ಗ್ರಹ ಹಾದು ಹೋದ್ರ ಹಿಂಗ ಆಗ್ತದ” ಎಂದಳು. ಗೆರೆಯಲ್ಲಿ ಎರಡು ತಗ್ಗು ಕಂಡವು.

“ಅಂದ್ರ ಗ್ರಹ ಸಿಕ್ಕಂಗಾತು!”

“ತಡಿಯಪಾ. ಎರಡೂ ತಗ್ಗು ಒಂದೇ ಸಮ ಇಲ್ಲ. ಮೂರನೇದು ನೋಡಬೇಕು. ಹೊಸ ಅಳತಿ ಬರಲಿಕ್ಕ ಹದಿನೈದು ದಿನ ಬೇಕು.”

ಕಲ್ಲಿನಲ್ಲಿ ಅಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ನಮ್ಮ ಕಡೆ ಬಾವಿ ತೋಡಿಸಿದರೂ ಫಲಕ, ನೀರಿನ ಟ್ಯಾಂಕಿಗೂ ಫಲಕ, ಗ್ರಹಕ್ಕೆ ಬೇಡವೇ? ಮರುದಿನವೇ ಪಕ್ಕದೂರು ವಾಡಿಗೆ ಹೋಗಿ ಅಕ್ಷರ ಕೊರೆಯುವ ಬಶೀರ್ ಮಿಯಾನಿಗೆ ನಯವಾದ ಕಲ್ಲೊಂದನ್ನು ಒಪ್ಪಿಸಿದೆ: ‘ಈ ಶಾಲೆಯ ಶಿಕ್ಷಕಿ ಸವಿತಾ ಹೊಸ ಗ್ರಹವನ್ನು ಕಂಡುಹಿಡಿದರು.’ ಶಾಲೆಯ ಬಾಗಿಲ ಮೇಲೆ ಕೂಡಿಸಲು ಹೆಡ್‌ಮಾಸ್ತರರನ್ನೂ ಒಪ್ಪಿಸಿದೆ. ಸವಿತಾಳಿಗೆ ಹೇಳಬೇಡಿ, ಅಚ್ಚರಿಯಾಗಲಿ ಎಂದೆ.

ವಾಡಿಯಿಂದ ಮರಳುವಾಗ ಅನುಮಾನ ಶುರುವಾಯಿತು. ಗ್ರಹವಲ್ಲದಿದ್ದರೆ? ಪೇಪರಿನಲ್ಲಿ ಬಂದದ್ದನ್ನು ಜನ ಮರೆಯುತ್ತಾರೆ, ಕಲ್ಲಿನ ಅಕ್ಷರವನ್ನು ಮರೆಯುವುದಿಲ್ಲ. ದಿನಾ ಬೆಳಿಗ್ಗೆ ಆ ಸುಳ್ಳಿನ ಕೆಳಗೇ ನನ್ನ ಮಗಳು ಶಾಲೆಯೊಳಗೆ ಹೋಗಬೇಕು. ಮಕ್ಕಳು ಓದಿ ಬಾಯಿ ಮುಚ್ಚಿ ನಗಬೇಕು. ಪಕ್ಕಾ ಎಂದು ಹೇಳಿ ಬಂದವನು ಮಿಯಾನಿಗೆ ತಿರುಗಿ ಬೇಡ ಎನ್ನುವುದು ಹೇಗೆ? “ಬಂತೇನವ್ವ ಮೂರನೇದು?” ಎಂದು ದಿನಾ ಕೇಳಿದೆ. “ನನಗಿಂತ ನಿನಗ ಗಡಿಬಿಡಿ!” ಎಂದು ಅವಳು ನಕ್ಕಳು.

ಬಂತು. “ಮೂರನೇ ತಗ್ಗು ಮೊದಲನೇದರಷ್ಟೇ ಅದ. ಗ್ರಹ ಅಲ್ಲಪಾ, ಜೋಡಿ ನಕ್ಷತ್ರ. ಒಂದನ್ನೊಂದು ಸುತ್ತಾಕತ್ತಾವ. ಹೆಚ್ಚು ಬೆಳಕಿಂದು ಮರೆಯಾದ್ರ ದೊಡ್ಡ ತಗ್ಗು, ಕಮ್ಮಿದು ಮರೆಯಾದ್ರ ಸಣ್ಣ ತಗ್ಗು. ಭಾಳ ಚಂದ ಅದ, ಹೌದಲ್ಲ?”

ಚಂದ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಫಲಕದ ಸಂಗತಿಯನ್ನೆಲ್ಲ ಒಪ್ಪಿಕೊಂಡೆ. ಅವಳ ಮುಖ ಕೆಂಪಾಯಿತು. ನಾನು ಚೌಕಾಶಿಗಿಳಿದೆ: “ಒಂದೆರಡು ವರ್ಷ ಗ್ರಹ ಅಂತನೇ ಇರಲಿ ಬಿಡು. ಅಲ್ಲಿಗೆ ಹೋಗಿ ಯಾರು ನೋಡ್ತಾರ?”

“ನನ್ನ ಸಾಲಿ ಮಕ್ಕಳು ನೋಡ್ತಾರ. ಅವರಿಗೆ ನೋಡೋದನ್ನೇ ಕಲಿಸಾಕತ್ತೀನಿ. ಬಿರುಕು ಬಿಟ್ಟ ಕಲ್ಲು ನೀ ಗಿರಾಕಿಗೆ ಹಾಕ್ತೀಯೇನು?”

ಗಿರಾಕಿ ಯಾರೆಂಬುದರ ಮೇಲಿದೆ ಎನ್ನಲು ಹೋಗಿ ಫೋನ್ ಕೈಗೆತ್ತಿಕೊಂಡೆ. ಬಶೀರ್ ಮಿಯಾನಿಗೆ ಕರೆ ಮಾಡಿ, ಅಕ್ಷರ ಕೆತ್ತಿ ತೆಗೆಯಲು ಬರುತ್ತದೆಯೇ ಎಂದು ಕೇಳಿದೆ.

“ಏನು ತೆಗೀಬೇಕ್ರಿ ಸಾವಕಾರ್ರ? ನಾ ಇನ್ನಾ ಉಳೀನೇ ಹಚ್ಚಿಲ್ಲ.”

“ಯಾಕ? ಪಕ್ಕಾ ಅಂತ ಹೇಳಿದ್ದೆನಲ್ಲ?”

“ಅದಕ್ಕರಿ. ನೀವು ಪಕ್ಕಾ ಅಂದಾಗೆಲ್ಲ ನಾ ಹದಿನೈದು ದಿನ ತಡೆದೇ ಕೆಲಸ ಹಿಡೀತೀನಿ. ಭಾಳ ವರ್ಷದಿಂದ ನೋಡಾಕತ್ತೀನಲ್ರಿ ನಿಮ್ಮನ್ನ.”

ಬದುಕಿದೆ ಎನ್ನಿಸಿತು, ಸಿಟ್ಟೂ ಬಂತು. ಪಕ್ಕದಲ್ಲಿ ಸವಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. “ಇನ್ನ ಮುಂದ ಹಿಂಗ ಆಗಂಗಿಲ್ಲ ಮಿಯಾ, ಪಕ್ಕಾ” ಎಂದೆ.

“ಹದಿನೈದು ದಿನ ನೋಡೋಣ್ರಿ” ಎಂದು ಅವನು ಫೋನಿಟ್ಟ.