ಒಂಚೂರು ಶಾರ್ಟ್ ಮಾಡಿ

ಆ ಕಟ್ಟಡದ ನಡುಮಹಡಿಯಲ್ಲಿದ್ದ ನಕ್ಷೆಗಾರನಿಗೆ ಕುಕ್ಕರ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸಿಟ್ಟು ಬಂದರೆ ಮೊದಲು ಮೂಗಿನಲ್ಲಿ ಬುಸ್ ಬುಸ್ ಸದ್ದು, ಆಮೇಲೆ ಕೆಳಗಿನವರಿಗೂ ಮೇಲಿನವರಿಗೂ ಒಟ್ಟಿಗೆ ಕೇಳುವಂಥ ಕೂಗು. ಮೊದಲ ಬುಸ್ಸಿಗೇ ಅವನ ಹೆಂಡತಿ ಗಾಜಿನ ಲೋಟಗಳನ್ನು ಎತ್ತಿ ಒಳಗಿಡುತ್ತಿದ್ದಳು.

ಆ ಭಾನುವಾರ ಲೋಟಗಳು ಬೆಳಿಗ್ಗೆಯೇ ಒಳಗೆ ಹೋದವು. ಕಾರಣ, ಹೊಸ ಗೋದಾಮು ಕಟ್ಟಿಸಲು ಹೊರಟಿದ್ದ ಔಷಧಿ ವ್ಯಾಪಾರಿಯ ಫೋನು.

"ನಕ್ಷೆ ಫೋನಲ್ಲೇ ನೋಡ್ದೆ, ಚೆನ್ನಾಗಿದೆ" ಎಂದಿದ್ದ ವ್ಯಾಪಾರಿ. "ಒಂದೇ ಒಂದು. ಗೋದಾಮಲ್ಲಿ ಹಿಂದುಗಡೆ ಬಾಗಿಲು ತೆಗೆದುಬಿಡಿ. ಅಷ್ಟು ಮಾಡಿ ಐದು ಗಂಟೆ ಒಳಗೆ ಕಳಿಸಿ, ಕೆಲಸ ನಿಮಗೇ."

ಕುಕ್ಕರ್‌ಗೆ ಇದು ಬರೀ ಒಂದು ಕೆಲಸವಾಗಿರಲಿಲ್ಲ. ವರ್ಷಗಟ್ಟಲೆ ಒಬ್ಬ ಎಂಜಿನಿಯರನ ಕೈಕೆಳಗೆ ಗೆರೆ ಎಳೆದಿದ್ದ. ನಕ್ಷೆ ಇವನದು, ಸಹಿ ಅವನದು. ಹೊಟ್ಟೆ ಉರಿದು ಉರಿದು ಹೋದ ತಿಂಗಳು ರಾಜೀನಾಮೆಯನ್ನು ಆ ಮಹಾಶಯನ ಮುಖಕ್ಕೇ ಎಸೆದು ಬಂದಿದ್ದ. ಸ್ವಂತ ಹೆಸರಿನ ಮೊದಲ ನಕ್ಷೆ ಇದು. ಕೈತಪ್ಪಿದರೆ ಅದೇ ಎಂಜಿನಿಯರನ ಮುಂದೆ ಹಲ್ಲುಗಿಂಜುತ್ತಾ ನಿಲ್ಲಬೇಕು.

ಆದರೆ ಆ ಬಾಗಿಲು! ಇಡೀ ನಕ್ಷೆಯಲ್ಲಿ ಅವನಿಗೆ ಹೆಮ್ಮೆಯಿದ್ದದ್ದು ಅದೊಂದರ ಮೇಲೆ. ಲಾರಿ ಹಿಂದಿನ ರಸ್ತೆಯಲ್ಲಿ ಬಂದು ನಿಂತರೆ ಪೆಟ್ಟಿಗೆಗಳು ನೇರ ಗೋದಾಮಿನೊಳಗೆ ಇಳಿಯುವಂತೆ ಕೂಡಿಸಿದ್ದ.

"ಇಷ್ಟು ಒಳ್ಳೆ ಬಾಗಿಲು ತೆಗೀಬೇಕಂತೆ! ಇವನ ತಲೇಲಿ ಏನಿದೆ, ಹೊಟ್ಟಾ?"

"ಸರಿಯಾಗಿ ಕೇಳಿಸ್ಕೊಂಡ್ರಾ? ಇನ್ನೊಂದ್ಸಲ ಫೋನ್ ಮಾಡಿ ಕೇಳಿ" ಎಂದಳು ಹೆಂಡತಿ.

"ಯಾಕೆ, ನನಗೇನು ಮಾತು ಅರ್ಥ ಆಗಲ್ವಾ? ತೆಗೀ ಅಂದ್ರೆ ತೆಗೀತೀನಿ. ನನ್ನ ಗಂಟೇನು ಹೋಗುತ್ತೆ!"

ಹಲ್ಲು ಕಚ್ಚಿಕೊಂಡು ಬಾಗಿಲನ್ನು ಅಳಿಸಿದ, ಗೋಡೆ ಎಳೆದ, ಉಳಿಸಿದ. ಅಷ್ಟರಲ್ಲಿ ಕಂಪ್ಯೂಟರ್ ಹ್ಯಾಂಗ್ ಆಯಿತು. ಮೌಸ್ ಅಲ್ಲಾಡಿಸಿದರೂ ಬಾಣ ಅಲ್ಲಾಡಲಿಲ್ಲ. ವ್ಯಾಪಾರಿಗೆ ಬೀಳಬೇಕಾಗಿದ್ದ ಗುದ್ದು ಕ್ಯಾಬಿನೆಟ್ಟಿನ ಪವರ್ ಬಟನ್ನಿಗೆ ಬಿತ್ತು. ಕಂಪ್ಯೂಟರ್ ಆರಿತು. ಬಟನ್ನೂ ಒಳಗೇ ಹೋಯಿತು, ಹಿಂದಕ್ಕೆ ಬರಲಿಲ್ಲ.

ಪಕ್ಕದ ಮುಚ್ಚಳ ಬಿಚ್ಚಲು ಸ್ಕ್ರೂಡ್ರೈವರ್ ಬೇಕಾಯಿತು. ಮನೆಯಲ್ಲಿ ಇರಲಿಲ್ಲ. ಗುದ್ದಿನ ಸದ್ದಿಗೇ ಇಳಿದು ಬಂದಿದ್ದ ಮೇಲಿನ ಮನೆಯ ನಿವೃತ್ತ ಮೇಷ್ಟ್ರು, ಯಾರೂ ಕೇಳದಿದ್ದರೂ, ಮೆಟ್ಟಿಲ ಬಳಿ ನಿಂತು ಕೆಳಗಿನ ಟೈಲರನನ್ನು ಕೂಗಿ ಕರೆದರು. ಟೈಲರ್ ಕೊರಳಿಗೆ ಟೇಪು ಹಾಕಿಕೊಂಡೇ ಬಂದ. ಹೊಲಿಗೆ ಮಿಷನ್ನಿನ ಪುಟ್ಟ ಸ್ಕ್ರೂಡ್ರೈವರ್ ತಂದಿದ್ದ. ಪ್ಯಾಂಟಿನ ಜಿಪ್ಪಿಗೆ ಬಳಸುವ ಕಟಿಂಗ್ ಪ್ಲೇಯರನ್ನೂ, ಇರಲಿ ಎಂದು, ಜೇಬಿಗೆ ಹಾಕಿಕೊಂಡಿದ್ದ.

ಮುಚ್ಚಳ ತೆಗೆದರೆ ಸಂಗತಿ ಕಣ್ಣಿಗೇ ಕಾಣುತ್ತಿತ್ತು. ಬಟನ್ನಿನಿಂದ ಬೋರ್ಡಿಗೆ ಹೋಗುವ ಎರಡು ತೆಳ್ಳನೆಯ ವೈರಿನ ತುದಿಯ ಕನೆಕ್ಟರ್ ಒಡೆದು, ವೈರು ಕಿತ್ತು ಬಂದು ಜೋತಾಡುತ್ತಿತ್ತು.

"ಯಂತ್ರಕ್ಕೂ ದಣಿವಾಗುತ್ತೆ ಕಣಯ್ಯಾ, ಸ್ವಲ್ಪ ಹೊತ್ತು ಬಿಡು" ಎಂದರು ಮೇಷ್ಟ್ರು.

"ದಣಿವು ನನಗಾಗಿದೆ ಸಾರ್, ನಿಮ್ಮನ್ನೆಲ್ಲ ನೋಡಿ!"

ಕುಕ್ಕರ್ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಅವನು ವಿಷಯ ಹೇಳಿ ಮುಗಿಸಿದ್ದನಷ್ಟೇ, ಫ್ಯಾನು ನಿಂತಿತು. ಯಾವ ಮಾಯದಲ್ಲೋ ಹೋಗಿದ್ದ ಮೇಷ್ಟ್ರು ಏದುಸಿರು ಬಿಡುತ್ತಾ ಬಾಗಿಲಲ್ಲಿ ಕಾಣಿಸಿಕೊಂಡರು.

"ಕರೆಂಟು ಹೊಡೆದು ಗಿಡೆದೀತು ಅಂತ ಕೆಳಗೆ ಹೋಗಿ ಮೇನ್ ಸ್ವಿಚ್ಚೇ ಆಫ್ ಮಾಡಿ ಬಂದೆ."

"ಯಾರ್ ಹೇಳಿದ್ರು ನಿಮಗೆ? ಕರೆಂಟಿಲ್ದೆ ಇದನ್ನೇನು ಸೀಮೆಎಣ್ಣೆ ಹಾಕಿ ನಡೆಸ್ಲಾ?" ಎಂದು ಕುಕ್ಕರ್ ಅರಚಿ, ಮೆಟ್ಟಿಲುಗಳನ್ನು ಹಾರುತ್ತಾ ಇಳಿದ.

ಇತ್ತ ಮೇಜಿನ ಮೇಲಿನ ಫೋನು ತನ್ನ ಪಾಡಿಗೆ ಮಾತಾಡುತ್ತಿತ್ತು. "ಗಾಬರಿ ಬೇಡ ಸಾರ್. ವೈರ್ ಕಿತ್ತುಬಂದ ಜಾಗದಲ್ಲಿ ಎರಡು ಸಣ್ಣ ಪಿನ್ ಇದೆ ನೋಡಿ. ಅವನ್ನ ಶಾರ್ಟ್ ಮಾಡಿ."

ಟೈಲರ್ ಬಗ್ಗಿ ನೋಡಿದ. ಇದು ಅವನ ಅನ್ನದ ಮಾತು. ದಿನ ಬೆಳಗಾದರೆ ಜನ ಅವನಿಗೆ ಹೇಳುತ್ತಿದ್ದುದೇ ಅದು. ಪ್ಯಾಂಟು ಶಾರ್ಟ್ ಮಾಡಿ, ತೋಳು ಶಾರ್ಟ್ ಮಾಡಿ, ಜಿಪ್ಪು ಶಾರ್ಟ್ ಮಾಡಿ.

"ಎಷ್ಟು ಮಾಡ್ಲಿ?" ಎಂದು ಕೇಳಿದ.

"ಜಾಸ್ತಿ ಬೇಡ, ಒಂಚೂರು ಸಾಕು!"

"ಎರಡನ್ನೂನಾ?"

"ಎರಡನ್ನೂ ಸೇರಿಸಿಯೇ ಮಾಡ್ಬೇಕು ಸಾರ್. ಒಂದನ್ನೇ ಮಾಡೋಕಾಗುತ್ತಾ?" ರಿಪೇರಿಯವನು ನಕ್ಕ.

ಟೈಲರ್ ಕಟಿಂಗ್ ಪ್ಲೇಯರ್ ತೆಗೆದು, ಒಂದು ಕಣ್ಣು ಮುಚ್ಚಿ, ಎರಡು ಪಿನ್ನುಗಳ ತಲೆಯನ್ನೂ ಸಮವಾಗಿ ಕತ್ತರಿಸಿದ. ಕೆಲಸ ಅಚ್ಚುಕಟ್ಟಾಗಿತ್ತು. ಕರೆಂಟು ಬಂದು, ಅದರ ಹಿಂದೆಯೇ ಕುಕ್ಕರ್ ಬಂದಾಗ, ಅವನು ಎರಡು ತುಣುಕುಗಳನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಶಾರ್ಟ್ ಮಾಡಿದೀನಿ ಸಾರ್."

ಆಮೇಲೆ ಬಂದ ಕೂಗಿಗೆ ಎದುರಿನ ಮನೆಯವರು ಕಿಟಕಿ ತೆರೆದರು. "ಶಾರ್ಟ್ ಅಂದ್ರೆ ಮುಟ್ಟಿಸೋದು! ಎರಡಕ್ಕೂ ಸೇರಿಸಿ ಸ್ಕ್ರೂಡ್ರೈವರ್ ಮುಟ್ಟಿಸೋದು! ಕತ್ತರಿಸೋದಲ್ಲ! ಒಂದು ಮಾತು, ಒಂದೇ ಒಂದು ಮಾತು ಅರ್ಥ ಮಾಡ್ಕೊಳೋಕೆ ಆಗಲ್ವಲ್ಲ, ನಿನ್ನ ತಲೇಲೇನು ಬಟ್ಟೆ ಚೂರು ತುಂಬಿದೆಯಾ? ಕೇಳೋಕೇನಾಗಿತ್ತು ಬಾಯಿಗೆ?"

"ಕೇಳ್ದೆ ಸಾರ್. ಒಂಚೂರು ಸಾಕು ಅಂದ್ರು."

ಟೈಲರನ ಮುಖ ಸಣ್ಣದಾಯಿತು. ಆದರೂ ಅವನು ಹೋಗಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತ. ಮೇಷ್ಟ್ರಂತೂ ಹೋಗುವ ಮಾತೇ ಇರಲಿಲ್ಲ.

ರಿಪೇರಿಯವನು ಬರುವ ಹೊತ್ತಿಗೆ ನಾಲ್ಕು ದಾಟಿತ್ತು. ಕತ್ತರಿಸಿದ ಪಿನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕುಕ್ಕರ್ ಬುಸ್ಸೆಂದಾಗ ನಗು ನುಂಗಿಕೊಂಡು, ಪಕ್ಕದ ಪುಟ್ಟ ರೀಸೆಟ್ ಬಟನ್ನಿನ ವೈರು ತೆಗೆದು ಮೋಟು ಪಿನ್ನುಗಳಿಗೆ ಬೆಸುಗೆ ಹಾಕಿದ. ಪುಟ್ಟ ಬಟನ್ ಒತ್ತಿದ. ಒಳಗಿನ ಫ್ಯಾನು ತಿರುಗಿತು, ಪರದೆ ಬೆಳಗಿತು, ನಕ್ಷೆ ಇದ್ದ ಹಾಗೇ ಇತ್ತು.

"ಇನ್ಮೇಲೆ ಇದೇ ನಿಮ್ಮ ಪವರ್ ಬಟನ್ನು. ಹಿಡಿಯೋಕೆ ಪಿನ್ನೇ ಇಲ್ಲ, ಬೆಸುಗೆ ಸೂಕ್ಷ್ಮವಾಗಿದೆ. ನಾಳೆ ಬಂದು ಗಟ್ಟಿ ಮಾಡ್ತೀನಿ. ಅಲ್ಲೀವರೆಗೆ ಕೈ ಮೆತ್ತಗಿರ್ಲಿ ಸಾರ್" ಎಂದು ಹೇಳಿ ಹೋದ.

ಐದಕ್ಕೆ ಸ್ವಲ್ಪ ಮುಂಚೆ ನಕ್ಷೆ ಹೋಯಿತು. ಕುಕ್ಕರ್ ಕುರ್ಚಿಗೆ ಒರಗಿದ. ಹೆಂಡತಿ ಗಾಜಿನ ಲೋಟಗಳನ್ನು ಹೊರಗೆ ತಂದು ಎಲ್ಲರಿಗೂ ಚಹಾ ಕೊಟ್ಟಳು. ಟೈಲರನಿಗೂ ಕೊಟ್ಟಳು. ಅಷ್ಟರಲ್ಲಿ ಫೋನು ಬಂತು. ಒಳ್ಳೆಯ ಸುದ್ದಿ ಎಲ್ಲರೂ ಕೇಳಲಿ ಎಂದು ಕುಕ್ಕರ್ ಸ್ಪೀಕರ್ ಹಾಕಿದ.

"ಏನ್ರೀ ಇದು?" ವ್ಯಾಪಾರಿಯ ದನಿ ಇವನದಕ್ಕಿಂತ ಜೋರಾಗಿತ್ತು. "ಹಿಂದುಗಡೆ ಬಾಗಿಲೆಲ್ಲಿ?"

"ತೆಗೀರಿ ಅಂದ್ರಲ್ಲ, ತೆಗೆದಿದೀನಿ."

"ಎಲ್ಲಿ ತೆಗೆದಿದೀರಿ? ಬರೀ ಗೋಡೆ ಕಾಣ್ತಿದೆ!"

"ಅದೇ ಹೇಳ್ತಿದೀನಲ್ಲ, ಬಾಗಿಲಿತ್ತು, ನೀವು ತೆಗೀರಿ ಅಂದ್ರಿ, ತೆಗೆದು ಗೋಡೆ ಹಾಕ್ದೆ!"

"ಇತ್ತಾ? ಅಯ್ಯೋ, ಫೋನಿನ ಸಣ್ಣ ಪರದೇಲಿ ನನಗೆ ಬಾಗಿಲೇ ಕಾಣಿಸ್ಲಿಲ್ಲ, ಅದಕ್ಕೇ ಗೋಡೇಲಿ ಒಂದು ತೆಗೀರಿ ಅಂದಿದ್ದು! ಬಾಗಿಲು ತೆಗೆಯೋದು ಅಂದ್ರೆ ಇಡೋದು ಕಣ್ರೀ, ಕಿತ್ತುಹಾಕೋದಲ್ಲ! ಲಾರಿ ಮಾಲು ಏನು ಸೂರಿಂದ ಸುರಿಸ್ಲಾ? ಒಂದು ಮಾತು ಅರ್ಥ ಆಗಲ್ವಾ ನಿಮಗೆ? ಕೇಳೋಕೇನಾಗಿತ್ತು ಬಾಯಿಗೆ?"

ಟೈಲರ್ ಚಹಾವನ್ನು ಬಹಳ ಗಮನವಿಟ್ಟು ಕುಡಿಯುತ್ತಿದ್ದ. ಹೆಂಡತಿ ಸದ್ದಿಲ್ಲದೆ ಒಂದೊಂದೇ ಲೋಟ ಎತ್ತಿಕೊಳ್ಳತೊಡಗಿದಳು.

"ಹೋಗ್ಲಿ ಬಿಡಿ" ಎಂದ ವ್ಯಾಪಾರಿ. "ಮೇಸ್ತ್ರಿ ಆಗ್ಲೇ ಹೊರಟಿದಾನೆ. ಕಾಲು ಗಂಟೇಲಿ ಸರಿಮಾಡಿ ಕಳಿಸಿದ್ರೆ ಸರಿ. ಇಲ್ದಿದ್ರೆ ನಿಮ್ಮ ಹಳೇ ಎಂಜಿನಿಯರ್ ಇದಾರಲ್ಲ, ಅವರಿಗೆ ಹೇಳ್ತೀನಿ."

ಬಾಗಿಲು ಕೂಡಿಸುವುದು ಎರಡು ಗೆರೆಯ ಕೆಲಸ. ಕಾಲು ಗಂಟೆಯಲ್ಲಿ ಅಂಥ ಹತ್ತು ಬಾಗಿಲು ಕೂಡಿಸಬಹುದಿತ್ತು. ಆದರೆ ಎಂಜಿನಿಯರನ ಹೆಸರು ಕಿವಿಗೆ ಬಿದ್ದದ್ದೇ ತಡ, ಕುಕ್ಕರ್‌ನ ಮುಷ್ಟಿ ತಾನಾಗಿಯೇ ಎದ್ದಿತು.

"ರೀ, ಬೇಡಾ!" ಎಂದಳು ಹೆಂಡತಿ.

ಗುದ್ದು ಬಿದ್ದದ್ದು ಕ್ಯಾಬಿನೆಟ್ಟಿನ ಮೂತಿಗೇ. ಪುಟ್ಟ ಬಟನ್ನು ಅಣ್ಣನ ಹಿಂದೆಯೇ ಒಳಗೆ ಹೋಯಿತು. ಪರದೆ ಕಪ್ಪಾಯಿತು.

ಟೈಲರ್ ಲೋಟ ಕೆಳಗಿಟ್ಟು ಸ್ಕ್ರೂಡ್ರೈವರ್ ಹಿಡಿದು ಓಡಿ ಬಂದ. ಈ ಸಲ ಮುಟ್ಟಿಸಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತೆರೆದಿದ್ದ ಪಕ್ಕದಿಂದ ಬಗ್ಗಿ ನೋಡಿದ. ವೈರು ಬೆಸುಗೆಯ ಜೊತೆ ಮೋಟು ಪಿನ್ನುಗಳನ್ನೂ ಬುಡಸಮೇತ ಕಿತ್ತುಕೊಂಡು ನೇತಾಡುತ್ತಿತ್ತು.

"ಹಲೋ? ಹಲೋ? ಬಾಗಿಲು ತೆಗೆದ್ರಾ?" ಎಂದು ಫೋನು ಕೇಳುತ್ತಿತ್ತು.

"ಸಾರ್," ಎಂದ ಟೈಲರ್ ತಲೆ ಎತ್ತಿ, "ಇನ್ನು ಶಾರ್ಟ್ ಮಾಡೋಕೆ ಏನೂ ಉಳಿದಿಲ್ಲ."